ಗಾಳ ಹಿಡಿದ ಕೈಗೆ ಟೆನಿಸ್ ಎಲ್ಬೋ: ನಂಬಿದ್ದೇನು, ನಿಜವೇನು

ಮಳೆಗಾಲದ ಕೆಂಪು ನೀರು ಇಳಿದು ಕಾವೇರಿ ತಿಳಿಯಾಗುತ್ತಿದ್ದಂತೆ ಕೊಡಗಿನ ದುಬಾರೆಯ ಸುತ್ತಮುತ್ತಲ ಮನೆಗಳಲ್ಲಿ ಗಾಳದ ರಾಡುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಹತ್ತಿರದ ವಾಲ್ನೂರಿನ ಹೊಳೆಯಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯ ಪರವಾನಗಿ ಪಡೆದು ಮಹಶೀರ್ ಮೀನು ಹಿಡಿದು, ಮತ್ತೆ ನೀರಿಗೆ ಬಿಡುವ ಹವ್ಯಾಸ ಬಹಳ ಹಳೆಯದು. ಅದರ ಬೆನ್ನಿಗೇ ಬರುವ ಇನ್ನೊಂದು ಸಂಗತಿ ‘ಟೆನಿಸ್ ಎಲ್ಬೋ’ ಎಂಬ ಮೊಣಕೈ ನೋವು. ಕಾಫಿ ಲೋಟ ಎತ್ತಿದರೆ ಚುಳ್ಳೆನ್ನುತ್ತದೆ, ಬಟ್ಟೆ ಹಿಂಡಲಾಗದು, ಬಾಗಿಲ ಚಿಲಕ ತಿರುಗಿಸುವುದೂ ಕಷ್ಟ. ಕೂಡಲೇ ಸಲಹೆಗಳು ಶುರುವಾಗುತ್ತವೆ: ನರ ಹಿಡ್ಕೊಂಡಿದೆ, ಉಳುಕಿದೆ, ತಿಕ್ಕಿಸಿ, ಒಂದು ಇಂಜೆಕ್ಷನ್ ಹಾಕಿಸಿ, ಗಾಳ ಬಿಟ್ಟುಬಿಡಿ. ಇವುಗಳಲ್ಲಿ ಹೆಚ್ಚಿನವು ತಪ್ಪು. ಒಂದೆರಡರಿಂದ ನೋವು ವರ್ಷಗಟ್ಟಲೆ ಉಳಿದುಬಿಡುವ ಅಪಾಯವೂ ಇದೆ.

‘ನರ ಹಿಡಿದಿದೆ’ ಎಂಬ ಮಾತಿನಿಂದಲೇ ಆರಂಭಿಸೋಣ. ಮೊಣಕೈಯ ಹೊರಬದಿಯಲ್ಲಿ ಮೂಳೆಯ ಒಂದು ಉಬ್ಬು ಕೈಗೆ ಸಿಗುತ್ತದೆ. ಮಣಿಕಟ್ಟನ್ನು ಮೇಲಕ್ಕೆತ್ತುವ ಮಾಂಸಖಂಡಗಳು ಒಂದು ಸ್ನಾಯುರಜ್ಜುವಿನ ಮೂಲಕ ಅಲ್ಲಿಗೆ ಅಂಟಿಕೊಂಡಿವೆ. ನೋವಿರುವುದು ಆ ರಜ್ಜುವಿನ ಬುಡದಲ್ಲಿ. ನರದಲ್ಲೂ ಅಲ್ಲ, ಕೀಲಿನೊಳಗೂ ಅಲ್ಲ. ಏನನ್ನಾದರೂ ಬಿಗಿಯಾಗಿ ಹಿಡಿದಾಗ ಬೆರಳು ಮಡಿಸುವ ಮಾಂಸಖಂಡಗಳು ಮಣಿಕಟ್ಟನ್ನೂ ಕೆಳಕ್ಕೆ ಎಳೆಯುತ್ತವೆ. ಅದು ಬಾಗದಂತೆ ತಡೆಯಲು ಮೇಲ್ಬದಿಯವು ಬಿಗಿಯಲೇಬೇಕು. ಹಾಗಾಗಿ ಮೀನು ಬೀಳಲಿ ಬೀಳದಿರಲಿ, ರಾಡನ್ನು ಗಟ್ಟಿಯಾಗಿ ಹಿಡಿದು ನಿಂತರೂ ಸಾಕು, ರಜ್ಜುವಿನ ಮೇಲೆ ಹೊರೆ ಬೀಳುತ್ತಿರುತ್ತದೆ.

‘ಒಳಗೆ ಉರಿಯೂತ ಆಗಿದೆ’ ಎಂಬುದೂ ಅರ್ಧಸತ್ಯ. 1979ರಲ್ಲಿ ನಿರ್ಶ್ಲ್ ಮತ್ತು ಪೆಟ್ರೋನ್ ಎಂಬ ಅಮೆರಿಕದ ಶಸ್ತ್ರವೈದ್ಯರು ತಾವು ಕತ್ತರಿಸಿ ತೆಗೆದ ರಜ್ಜುವಿನ ತುಣುಕುಗಳ ಪರೀಕ್ಷೆಯ ವರದಿ ಪ್ರಕಟಿಸಿದರು. ಅಲ್ಲಿ ಉರಿಯೂತದ ಕೋಶಗಳು ಹೆಚ್ಚೇನೂ ಇರಲಿಲ್ಲ. ಕಂಡದ್ದು ಅಸ್ತವ್ಯಸ್ತವಾದ ನಾರುಗಳು, ಹೊಸದಾಗಿ ಹುಟ್ಟಿದ ರಕ್ತನಾಳಗಳು. ಸವೆತದ ವೇಗಕ್ಕೆ ದುರಸ್ತಿ ಸಾಟಿಯಾಗದೆ ಹೋದಾಗ ಆಗುವ ಸ್ಥಿತಿ ಇದು. ಉರಿಯೂತ ಇಳಿಸುವ ಮಾತ್ರೆ ನೋವನ್ನು ಸ್ವಲ್ಪ ಮರೆಸಬಹುದು, ರಜ್ಜುವನ್ನು ಗಟ್ಟಿ ಮಾಡುವುದಿಲ್ಲ. ಬಿಸಿ ಎಣ್ಣೆ ಹಚ್ಚಿ ಮುಂಗೈ ನೀವಿಕೊಂಡರೆ ಹಿತವೆನಿಸುತ್ತದೆ, ತಪ್ಪಿಲ್ಲ. ಆದರೆ ನೋಯುವ ಮೂಳೆಯ ಮೇಲೆಯೇ ಹೆಬ್ಬೆರಳು ಒತ್ತಿ ‘ಉಳುಕು ತೆಗೆಯುವುದು’ ಬೇಡ. ಅಲ್ಲಿ ತೆಗೆಯಲು ಯಾವ ಉಳುಕೂ ಇಲ್ಲ.

ಟೆನಿಸ್ ಆಡದವರಿಗೆ ಇದು ಹೇಗೆ ಬಂತು ಎಂದು ಕೇಳುವವರಿಗೆ ಉತ್ತರ ಸರಳ: ಇದು ಬರುವವರಲ್ಲಿ ಹೆಚ್ಚಿನವರು ರಾಕೆಟ್ ಮುಟ್ಟಿದವರೇ ಅಲ್ಲ. ವಯಸ್ಕರಲ್ಲಿ ನೂರಕ್ಕೆ 1ರಿಂದ 3 ಮಂದಿಗೆ ಕಾಣಿಸಿಕೊಳ್ಳುತ್ತದೆ, ಅದರಲ್ಲೂ 35ರಿಂದ 55ರ ಪ್ರಾಯದಲ್ಲಿ ಹೆಚ್ಚು.

‘ದೊಡ್ಡ ಮೀನು ಎಳೆದು ಕೈ ಹೋಯಿತು’ ಎಂಬ ವಿವರಣೆ ಹೇಳಲೂ ಕೇಳಲೂ ಚೆನ್ನ. ಮೈಸೂರಿನ ವ್ಯಾನ್ ಇಂಗೆನ್ ಸಹೋದರರಲ್ಲೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದ ಕಥೆ ಇಂದಿಗೂ ಗಾಳಗಾರರ ಬಾಯಲ್ಲಿದೆ. ಆದರೆ ಅಂಥ ಮೀನು ಜೀವಮಾನಕ್ಕೆ ಒಮ್ಮೆ ಸಿಕ್ಕರೂ ಹೆಚ್ಚು. ಮೊಣಕೈಯನ್ನು ಸವೆಸುವುದು ಮೀನು ಸಿಗದ ದಿನಗಳು. ಸ್ಪೂನ್ ಎಂಬ ಲೋಹದ ಹುಸಿಮೀನನ್ನು ಎಸೆಯುವವರು ನಿಮಿಷಕ್ಕೊಂದು ಸಲ ಎಸೆದರೂ ಮೂರು ಗಂಟೆಗೆ 180 ಎಸೆತ. ಪ್ರತಿ ಎಸೆತದ ಕೊನೆಗೆ ಮಣಿಕಟ್ಟು ಛಟ್ಟನೆ ಹೊರಳುತ್ತದೆ. ಸ್ಪೂನ್ ಬಂಡೆಯ ಸಂದಿಗೆ ಸಿಕ್ಕಿಕೊಂಡರಂತೂ ರಾಡನ್ನು ಎಡಕ್ಕೆ ಬಲಕ್ಕೆ ಜಗ್ಗುತ್ತೇವಲ್ಲ, ಅದು ಯಾವ ಮೀನಿನ ಎಳೆತಕ್ಕೂ ಕಡಿಮೆಯದಲ್ಲ.

ಕೊಡಗಿನಲ್ಲಿ ಇನ್ನೊಂದು ಕಾರಣವನ್ನೂ ನೋಡಬೇಕು. ನನ್ನ ಪ್ರಕಾರ ಇದೇ ಮುಖ್ಯ, ಜನ ಗಮನಿಸದಿರುವುದೂ ಇದನ್ನೇ. ಗಾಳದ ಕಾಲವೂ ಕಾಫಿ ಕೊಯ್ಲಿನ ಕಾಲವೂ ಒಂದರ ಮೇಲೊಂದು ಬರುತ್ತವೆ. ಕೊಯ್ಲು ಮುಗಿಯುತ್ತಲೇ ಗಿಡಗಸಿ, ಎಂದರೆ ಕಾಫಿ ಗಿಡದ ಕೊಂಬೆ ಸವರುವ ಕೆಲಸ. ವಾರವಿಡೀ ಕಸಿ ಕತ್ತರಿ ಒತ್ತುತ್ತಾ, ಕಳೆ ಯಂತ್ರದ ನಡುಕವನ್ನು ಮುಂಗೈಯಲ್ಲಿ ತಡೆಯುತ್ತಾ ಇದ್ದ ತೋಟಗಾರ ಭಾನುವಾರ ಹೊಳೆಗೆ ಬಂದು ರಾಡ್ ಹಿಡಿಯುತ್ತಾನೆ. ಸೋಮವಾರ ನೋವು ಬಂದರೆ ಅಪವಾದ ಗಾಳಕ್ಕೆ. ಗಾಳ ಬಿಟ್ಟು ಕತ್ತರಿ ಬಿಡದಿದ್ದರೆ ನೋವು ಹೋಗದು. ಕತ್ತರಿಗೆ ಸಾಣೆ ಹಿಡಿಸಿ, ಕೊಂಬೆಯನ್ನು ಅಲಗಿನ ಬುಡಕ್ಕೆ ತಂದು ಕತ್ತರಿಸಿ, ಅರ್ಧ ದಿನ ಕಸಿ ಅರ್ಧ ದಿನ ಬೇರೆ ಕೆಲಸ ಎಂದು ಹಂಚಿಕೊಂಡರೆ, ಎಷ್ಟೋ ಸಲ ರಾಡ್ ಕೆಳಗಿಡುವ ಪ್ರಮೇಯವೇ ಬರುವುದಿಲ್ಲ.

ಇನ್ನು ಇಂಜೆಕ್ಷನ್. ಸ್ಟೀರಾಯ್ಡ್ ಚುಚ್ಚಿಸಿಕೊಂಡವರು ‘ಒಂದೇ ಸೂಜಿಗೆ ಹೋಯ್ತು’ ಎನ್ನುವುದು ಸುಳ್ಳಲ್ಲ, ಕೆಲವು ವಾರಗಳ ಮಟ್ಟಿಗೆ. ನೆದರ್ಲೆಂಡ್ಸ್‌ನಲ್ಲಿ 185 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ವಾರಕ್ಕೆ ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 92 ಮಂದಿ ಗುಣಮುಖರಾಗಿದ್ದರು. ಫಿಸಿಯೋಥೆರಪಿಯವರು 47, ಏನೂ ಮಾಡದೆ ಕಾದವರು 32. ಅಲ್ಲಿಗೇ ನಿಲ್ಲಿಸಿದರೆ ಸೂಜಿಯೇ ಗೆದ್ದಂತೆ. ಆದರೆ ಒಂದು ವರ್ಷದ ಹೊತ್ತಿಗೆ ಲೆಕ್ಕ ತಿರುವುಮುರುವು: ಫಿಸಿಯೋಥೆರಪಿ 91, ಸುಮ್ಮನೆ ಕಾದವರು 83, ಇಂಜೆಕ್ಷನ್ 69. ಏನೂ ಮಾಡದವರೇ ಸೂಜಿ ಹಾಕಿಸಿಕೊಂಡವರಿಗಿಂತ ಮುಂದಿದ್ದರು! ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಇಂಜೆಕ್ಷನ್‌ನಿಂದ ಮೊದಲು ಚೇತರಿಸಿಕೊಂಡವರಲ್ಲಿ ನೂರಕ್ಕೆ 72 ಮಂದಿಗೆ ನೋವು ಮರುಕಳಿಸಿತು. 2013ರಲ್ಲಿ ಬಂದ ಮತ್ತೊಂದು ಅಧ್ಯಯನವೂ ಇದೇ ದಿಕ್ಕಿನಲ್ಲಿತ್ತು. ನೋವು ಮಾಯವಾದ ಧೈರ್ಯದಲ್ಲಿ ಇನ್ನೂ ಗಟ್ಟಿಯಾಗದ ರಜ್ಜುವಿನ ಮೇಲೆ ಮತ್ತದೇ ಹೊರೆ ಹಾಕುವುದು ಇದಕ್ಕೊಂದು ಕಾರಣವಿರಬಹುದು. ಸೀಸನ್ ತಪ್ಪಿಹೋಗುತ್ತದೆಂಬ ಆತುರಕ್ಕೆ ಸೂಜಿ ಚುಚ್ಚಿಸಿಕೊಂಡು ಮರುವಾರವೇ ಹೊಳೆಗಿಳಿಯುವುದನ್ನು ನಾನಂತೂ ಯಾರಿಗೂ ಹೇಳಲಾರೆ. ನಮ್ಮದೇ ರಕ್ತ ತೆಗೆದು, ಅದರ ಸಾರವನ್ನು ಚುಚ್ಚುವ ದುಬಾರಿ ಪಿಆರ್‌ಪಿ ಚಿಕಿತ್ಸೆಯೂ ಬರೀ ಹುಸಿ ಇಂಜೆಕ್ಷನ್‌ಗಿಂತ ಹೇಳಿಕೊಳ್ಳುವಷ್ಟು ಮೇಲಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಅಳೆದು ನೋಡುವ ಕಾಕ್ರೇನ್ ಸಂಸ್ಥೆಯ 2021ರ ಪರಾಮರ್ಶೆ ತಿಳಿಸಿದೆ.

ಆಪರೇಷನ್ ಎಂದರೆ ಎಲ್ಲರಿಗೂ ನೆನಪಾಗುವುದು ಸಚಿನ್ ತೆಂಡೂಲ್ಕರ್. 2004ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧದ ಬೆಂಗಳೂರು ಟೆಸ್ಟ್‌ಗೆ ಅವರು ಇಲ್ಲವಾದದ್ದು ಇದೇ ನೋವಿನಿಂದ. ಮರುವರ್ಷ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಭಾರವಾದ ಬ್ಯಾಟು ಹಿಡಿದು ವರ್ಷಪೂರ್ತಿ ಆಡುವವರ ಮಾತು ಬೇರೆ. ಉಳಿದ ನಮ್ಮಂಥವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಕತ್ತಿ ಸೋಕದೆಯೇ ವಾಸಿಯಾಗುತ್ತದೆ. ವರ್ಷ ಎಂದರೆ ಉದ್ದವೇ, ಒಪ್ಪುತ್ತೇನೆ. ಆದರೆ ಆ ವರ್ಷವಿಡೀ ಕೈಕಟ್ಟಿ ಕೂರಬೇಕಿಲ್ಲ.

ಏಕೆಂದರೆ ‘ಪೂರ್ತಿ ವಿಶ್ರಾಂತಿ ಕೊಡಿ’ ಎಂಬುದೂ ತಪ್ಪು ಸಲಹೆಯೇ. ತೀವ್ರ ನೋವಿನ ಮೊದಲ ಕೆಲವು ದಿನ ಸರಿ. ಆಮೇಲೆ ಹೊರೆಯೇ ಇಲ್ಲದ ರಜ್ಜು ಇನ್ನಷ್ಟು ಸೊರಗುತ್ತದೆ, ಮತ್ತೆ ಹೊಳೆಗೆ ಹೋದ ದಿನವೇ ನೋಯುತ್ತದೆ. ಅದಕ್ಕೆ ಬೇಕಾದದ್ದು ಅಳತೆಯ ಹೊರೆ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ, ಮಣಿಕಟ್ಟು ಅಂಚಿನಿಂದಾಚೆ ಇರುವಂತೆ ಕೂತುಕೊಳ್ಳಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟನ್ನು ಮೇಲಕ್ಕೆತ್ತಿ, ಆ ಕೈ ಬಿಟ್ಟು, ನಾಲ್ಕರವರೆಗೆ ಎಣಿಸುತ್ತಾ ನಿಧಾನಕ್ಕೆ ಇಳಿಸಿ. ಹದಿನೈದು ಸಲ, ಮೂರು ಸುತ್ತು, ದಿನಕ್ಕೊಮ್ಮೆ. ಅಷ್ಟೂ ಆಗದಷ್ಟು ನೋವಿದ್ದರೆ ಬಾಟಲಿಯನ್ನು ಅಲುಗಿಸದೆ ಅರ್ಧ ನಿಮಿಷ ಹಿಡಿದಿಡುವುದರಿಂದ ಶುರುಮಾಡಿ. ವ್ಯಾಯಾಮದಲ್ಲಿ ತುಸು ನೋವು ಬಂದರೆ ಏನೋ ಹರಿಯಿತೆಂದು ಹೆದರಬೇಡಿ. ಮರುದಿನ ಬೆಳಗ್ಗೆ ನೋವು ಹಿಂದಿನ ದಿನದಷ್ಟೇ ಇದ್ದರೆ ಹೊರೆ ಸರಿಯಾಗಿದೆ, ಹೆಚ್ಚಾಗಿದ್ದರೆ ಅತಿಯಾಗಿದೆ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಎರಡನೇ ವಾರಕ್ಕೇ ಬಿಟ್ಟುಬಿಟ್ಟು ‘ವ್ಯಾಯಾಮ ಹಿಡಿಸಲಿಲ್ಲ’ ಎನ್ನುವವರೇ ಹೆಚ್ಚು.

ಮೆಡಿಕಲ್ ಶಾಪಿನಲ್ಲಿ ಸಿಗುವ ಪಟ್ಟಿಯನ್ನು ಬಹಳ ಜನ ನೋಯುವ ಮೂಳೆಯ ಮೇಲೆಯೇ ಬಿಗಿಯುತ್ತಾರೆ. ಅದು ಇರಬೇಕಾದದ್ದು ಎರಡು ಬೆರಳಷ್ಟು ಕೆಳಗೆ, ಮಾಂಸಖಂಡದ ಮೇಲೆ. ಕಟ್ಟಿರುವಷ್ಟು ಹೊತ್ತು ಕೆಲವರಿಗೆ ಆರಾಮ ಸಿಗುತ್ತದೆ. ಅದರಿಂದ ಗುಣವಾಗುತ್ತದೆಂದು ನಂಬಬೇಡಿ.

ಹೊಳೆಯ ಬದಿಯಲ್ಲಿ ಬದಲಾಯಿಸಿಕೊಳ್ಳಬಹುದಾದದ್ದು ಬಹಳ ಇದೆ. ಅವಕಾಶ ಇರುವಲ್ಲಿ ಸ್ಪೂನ್ ಬದಲು ಕಾವೇರಿಯ ಹಳೆಯ ರಾಗಿ ಉಂಡೆಯ ಗಾಳಕ್ಕೆ ಮರಳಿ, ರಾಡನ್ನು ಕವೆಗೋಲಿಗೆ ಒರಗಿಸಿ ಕೂತರೆ ಕೈಗೆ ಗಂಟೆಗಟ್ಟಲೆ ಬಿಡುವು. ಎಸೆಯಲೇಬೇಕೆಂದರೆ ಹಗುರ ರಾಡ್, ತುಸು ದಪ್ಪ ಹಿಡಿ, ಎರಡೂ ಕೈ ಬಳಸಿ ಭುಜದಿಂದ ಎಸೆತ, ಮೊಣಕೈ ಮೈಗೆ ಹತ್ತಿರ. ಸ್ಪೂನ್ ಬಂಡೆಗೆ ಸಿಕ್ಕಿಕೊಂಡರೆ ಜಗ್ಗಬೇಡಿ. ದಾರವನ್ನು ಒಂದು ಕೋಲಿಗೆ ಸುತ್ತಿಕೊಂಡು ನೇರ ಹಿಂದಕ್ಕೆ ನಡೆಯಿರಿ. ಸಿಕ್ಕ ಮಹಶೀರನ್ನು ಒಂದೇ ಕೈಯಲ್ಲಿ ಎತ್ತಿ ಫೋಟೋ ಹಿಡಿಸಿಕೊಳ್ಳುವ ಚಟವನ್ನಂತೂ ದಯವಿಟ್ಟು ಬಿಡಿ. ಕಾವೇರಿಯದೇ ಆದ ಡುಬ್ಬದ ಮಹಶೀರ್ 2018ರಿಂದ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಮೀನನ್ನು ನೀರಲ್ಲೇ ಇಟ್ಟು, ಎರಡೂ ಕೈಯಿಂದ ಹೊಟ್ಟೆಯಡಿ ಆನಿಸಿ ಗಾಳ ಬಿಡಿಸಿದರೆ ಅದಕ್ಕೂ ಒಳ್ಳೆಯದು, ಮೊಣಕೈಗೂ ಒಳ್ಳೆಯದು.

ಬೆರಳುಗಳಲ್ಲಿ ಜೋಮು, ಕುತ್ತಿಗೆಯಿಂದ ಇಳಿಯುವ ನೋವು, ಕೀಲು ಊದಿ ಬಿಸಿಯಾಗುವುದು, ಕೈ ಪೂರ್ತಿ ಚಾಚಲಾಗದೆ ಸಿಕ್ಕಿಕೊಳ್ಳುವುದು: ಇವು ಟೆನಿಸ್ ಎಲ್ಬೋದ ಲಕ್ಷಣಗಳಲ್ಲ. ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮ ಬದಿಗಿಟ್ಟು ಕುಶಾಲನಗರಕ್ಕೋ ಮಡಿಕೇರಿಗೋ ಹೋಗಿ ಮೂಳೆ ವೈದ್ಯರಿಗೆ ತೋರಿಸಿ.