ಆಲೂಗೆಡ್ಡೆಯೊಳಗಿನ ಲಸಿಕೆ

ಲಸಿಕೆಯೆಂದೊಡನೆ ಸೂಜಿಯ ನೆನಪಾಗುವುದು ಸಹಜ. ಆದರೆ ಸೂಜಿಗಿಂತ ದೊಡ್ಡ ತೊಡಕೊಂದುಂಟು. ಬಹುಪಾಲು ಲಸಿಕೆಗಳನ್ನು ಮಗುವಿಗೆ ಹಾಕುವ ಗಳಿಗೆಯವರೆಗೂ ತಂಪಿನಲ್ಲಿಯೇ ಇರಿಸಬೇಕು. ವಿದ್ಯುತ್ತಿಲ್ಲದ ಹಳ್ಳಿಗೆ ಈ ತಂಪನ್ನು ಒಯ್ಯುವುದೆಂತು? ಹಿತ್ತಲಿನಲ್ಲಿ ಬೆಳೆದ ಹಣ್ಣೇ ಲಸಿಕೆಯಾಗುವಂತಿದ್ದರೆ ಈ ಚಿಂತೆಯೇ ಇರದು. ಹೀಗೆ ಯೋಚಿಸಿದವರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಚಾರ್ಲ್ಸ್ ಆರ್ನ್‌ಟ್ಸನ್ ಪ್ರಮುಖರು. ೧೯೯೨ರಲ್ಲಿ ಅವರೂ ಅವರ ಸಂಗಡಿಗರೂ ಹೆಪಟೈಟಿಸ್-ಬಿ ವೈರಸಿನ ಹೊರಮೈಯ ಪ್ರೋಟೀನನ್ನು ಹೊಗೆಸೊಪ್ಪಿನ ಗಿಡದಲ್ಲಿ ಉತ್ಪಾದಿಸಿ ತೋರಿಸಿದರು.

ಗಿಡಕ್ಕೆ ಈ ವಿದ್ಯೆಯನ್ನು ಕಲಿಸುವ ಗುರುವು ಮಣ್ಣಿನಲ್ಲಿಯೇ ಇದೆ. ಆಗ್ರೊಬ್ಯಾಕ್ಟೀರಿಯಂ ಎಂಬ ಅಣುಜೀವಿಯು ತನ್ನ ಜೀನುಗಳಲ್ಲಿ ಕೆಲವನ್ನು ಸಸ್ಯಕೋಶದೊಳಗೆ ಸೇರಿಸಿಬಿಡುತ್ತದೆ. ಅದು ಅದರ ಹುಟ್ಟುಗುಣ. ವಿಜ್ಞಾನಿಗಳು ಆ ಜೀನುಗಳ ಸ್ಥಾನದಲ್ಲಿ ತಮಗೆ ಬೇಕಾದುದನ್ನಿಟ್ಟು ಕಳುಹಿಸುತ್ತಾರೆ. ಗಿಡದಲ್ಲಿ ತಯಾರಾಗುವುದು ರೋಗಾಣುವಲ್ಲ, ಅದರ ಒಂದು ಅಂಶ ಮಾತ್ರ.

ಮನುಷ್ಯರ ಮೇಲೆ ಬಾಲ್ಟಿಮೋರ್ ನಗರದಲ್ಲಿ ನಡೆದ ಪರೀಕ್ಷೆಯ ಫಲವು ೧೯೯೮ರಲ್ಲಿ ಪ್ರಕಟವಾಯಿತು. ಭೇದಿಯನ್ನುಂಟುಮಾಡುವ ಇ. ಕೋಲಿ ಅಣುಜೀವಿಯ ವಿಷದಲ್ಲಿನ ನಿರಪಾಯಕರವಾದ ಭಾಗವೊಂದು ಆ ಆಲೂಗೆಡ್ಡೆಗಳಲ್ಲಿತ್ತು. ೧೧ ಮಂದಿ ಸ್ವಯಂಸೇವಕರು ಪ್ರತಿ ಸಲವೂ ೫೦ ಅಥವಾ ೧೦೦ ಗ್ರಾಮಿನಷ್ಟನ್ನು ಹಸಿಯಾಗಿಯೇ ತಿಂದರು. ಬೇಯಿಸಿದರೆ ಪ್ರೋಟೀನು ಕೆಡುವುದಷ್ಟೆ! ಹಸಿ ಆಲೂಗೆಡ್ಡೆಯ ರುಚಿ ಬಲ್ಲವರು ಅವರ ಸಹನೆಯನ್ನು ಮೆಚ್ಚದಿರಲಾರರು. ೧೦ ಮಂದಿಯ ರಕ್ತದಲ್ಲಿ ಪ್ರತಿಕಾಯಗಳು ನಾಲ್ಮಡಿಯಾದರೂ ಏರಿದ್ದುವು.

ಆದರೆ ೨೦೦೫ರಲ್ಲಿ ಪ್ರಕಟವಾದ ಹೆಪಟೈಟಿಸ್-ಬಿ ಆಲೂಗೆಡ್ಡೆಯ ಪರೀಕ್ಷೆಯಲ್ಲಿ, ಮೊದಲೇ ಲಸಿಕೆ ಪಡೆದಿದ್ದವರು ಮೂರು ಸಲ ತಿಂದರೂ ೧೬ ಮಂದಿಯಲ್ಲಿ ೧೦ ಮಂದಿಗಷ್ಟೇ ಫಲ ದೊರೆಯಿತು.

ನಿಜವಾದ ತೊಡಕು ಅಳತೆಯದು. ಒಂದು ಗೆಡ್ಡೆಯಲ್ಲಿದ್ದಷ್ಟು ಔಷಧ ಇನ್ನೊಂದರಲ್ಲಿರದು. ಕಡಮೆಯಾದರೆ ರಕ್ಷಣೆಯಿಲ್ಲ, ಪದೇಪದೇ ತಿಂದರೆ ದೇಹವು ಅದನ್ನು ಬರಿಯ ಆಹಾರವೆಂದು ಬಗೆದು ಸುಮ್ಮನಿದ್ದುಬಿಡಬಹುದು. ಇಂಥ ಬೆಳೆಯು ಊಟದ ಬೆಳೆಯೊಡನೆ ಬೆರೆಯುವ ಭಯವೂ ಕಲ್ಪನೆಯದಲ್ಲ. ೨೦೦೨ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ, ಹಿಂದಿನ ವರ್ಷ ಔಷಧಕ್ಕಾಗಿ ಬೆಳೆದಿದ್ದ ಜೋಳದ ಉಳಿಕೆಯು ಸೋಯಾ ಅವರೆಯಲ್ಲಿ ಸೇರಿ, ಸುಮಾರು ೫ ಲಕ್ಷ ಬುಷೆಲ್ ಧಾನ್ಯವನ್ನು ಬಳಕೆಗೆ ಬಾರದಂತೆ ತಡೆಹಿಡಿಯಬೇಕಾಯಿತು.

ಹೀಗಾಗಿ ಹಿತ್ತಲಿನ ಹಣ್ಣಿನ ಕನಸು ಹಿಂದೆ ಸರಿದಿದೆ. ಟೋಕಿಯೋ ವಿಶ್ವವಿದ್ಯಾನಿಲಯದ ಸಂಶೋಧಕರು ಕಾಲರಾ ವಿಷದ ನಿರಪಾಯಕರ ಭಾಗವನ್ನು ಅಕ್ಕಿಯಲ್ಲಿ ಬೆಳೆಸಿ, ಪುಡಿ ಮಾಡಿ, ಅಳೆದು ಕುಡಿಸಿದರು. ಶೈತ್ಯಾಗಾರ ಬೇಡದ ಪುಡಿ ಅದು. ೨೦೨೧ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಕುಡಿದವರಲ್ಲಿ ಕೆಲವರ ದೇಹ ಚೆನ್ನಾಗಿ ಸ್ಪಂದಿಸಿತು, ಕೆಲವರದು ಇಲ್ಲ. ಕರುಳಿನಲ್ಲಿ ವಾಸಿಸುವ ಅಣುಜೀವಿಗಳ ವೈವಿಧ್ಯಕ್ಕೂ ಈ ವ್ಯತ್ಯಾಸಕ್ಕೂ ನಂಟು ಕಂಡುಬಂದಿದೆ.