ಸ್ಟೇನ್‌ಲೆಸ್ ಬಾಡಿಗೆ ಗೀರು ಬಿದ್ರೆ ಕಬ್ಬಿಣದ ಬ್ರಷ್ ಬೇಡ

ಪಿಕಪ್ ಬಾಡಿಗೆ, ನೀರಿನ ಟ್ಯಾಂಕರ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದವರು ಗೀರು ಬಿದ್ದ ಕೂಡ್ಲೇ ಬಣ್ಣ ಹುಡುಕಬೇಡಿ. ಇದರಲ್ಲಿ ಕನಿಷ್ಠ 10.5% ಕ್ರೋಮಿಯಂ ಇರ್ತದೆ. ಗಾಳಿ ತಾಗಿದ್ರೆ ರಕ್ಷಣೆಯ ಪದರ ತಾನೇ ಕಟ್ಟಿಕೊಳ್ತದೆ. ಕೆಡಿಸೋದು ರಿಪೇರಿ! ಹಾವೇರಿಯಲ್ಲಾಗಲಿ ರಾಣೆಬೆನ್ನೂರಲ್ಲಾಗಲಿ, ಕಬ್ಬಿಣದ ಟ್ರೇಲರ್ ಉಜ್ಜಿದ ಬ್ರಷ್, ಡಿಸ್ಕನ್ನೇ ಇದಕ್ಕೂ ಹಚ್ಚಿದ್ರೆ ಕಬ್ಬಿಣದ ಪುಡಿ ಗೀರಿನೊಳಗೆ ಕೂತು ತುಕ್ಕು ಹಿಡೀತದೆ. ಹೊಸ ಡಿಸ್ಕ್ ಕೇಳಿ ಹಾಕಿಸಿ, ಸಂಕೋಚ ಬೇಡ.

ಸಣ್ಣ ಗೀರಿಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಸಾಕು. ತಗಡಿನ ಗೆರೆ ಹೋದ ದಿಕ್ಕಿನಲ್ಲೇ ಉಜ್ಜಿ. ಕನ್ನಡಿಯಂತೆ ಹೊಳೆಯೋ ತಗಡಿಗೆ ಇದು ಆಗಲ್ಲ. ತಗ್ಗು ಬಿದ್ದಿದ್ರೆ ಒಳಗಿನಿಂದ ರಬ್ಬರ್ ಸುತ್ತಿಗೆಯಲ್ಲಿ, ಅಂಚಿನಿಂದ ನಡುವಿಗೆ ಮೆಲ್ಲಗೆ ಬಡಿಯಿರಿ, ಕಾಯಿಸಬೇಡಿ.

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದರೆ ಏನೂ ಆಗಲ್ಲ. ವಾಪಸ್ ಬರುವಾಗ ಪೊಟ್ಯಾಷ್ ಚೀಲ ಹೇರಿದ್ರೆ ಮಾತ್ರ ಅವತ್ತೇ ತೊಳೀರಿ: ಅದರ ಕ್ಲೋರೈಡ್ ಸ್ಟೀಲನ್ನೂ ಚುಕ್ಕಿ ಚುಕ್ಕಿಯಾಗಿ ತಿಂತದೆ.