ತಿಂಡಿ ಬೀದಿಗೆ ಹೋಗುವ ಮುನ್ನ

ಸೇಡಂ ತಾಲ್ಲೂಕಿನ ಮುಧೋಳ ಹಾಗೂ ಸುತ್ತಲಿನ ಗ್ರಾಮಗಳ ಅನೇಕ ಭಕ್ತರ ಮಕ್ಕಳು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣಲೆಂದೋ, ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲೆಂದೋ ವಾಡಿಯಲ್ಲಿ ರೈಲು ಹತ್ತಿ ಹೋಗುವ ಹಿರಿಯರನ್ನು ಮಕ್ಕಳು ಅಕ್ಕರೆಯಿಂದ ಕರೆದೊಯ್ಯುವ ತಾಣಗಳಲ್ಲಿ ವಿಶ್ವೇಶ್ವರಪುರದ ತಿಂಡಿ ಬೀದಿಯೂ ಒಂದು. ಅಲ್ಲಿಗೆ ಹೋಗಬಾರದೆಂದು ನಾವು ಹೇಳುವುದಿಲ್ಲ. ಆದರೆ ಚಿಕಿತ್ಸೆಗೆಂದು ಹೋದವರು ಹೊಟ್ಟೆ ಕೆಡಿಸಿಕೊಂಡು ಮಲಗುವಂತಾಗಬಾರದು. ಆದ್ದರಿಂದ ಏನನ್ನು ನೋಡಿ ತಿನ್ನಬೇಕೆಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಬೀದಿಯ ಪರಿಚಯ

ಸಜ್ಜನರಾವ್ ವೃತ್ತದ ಬಳಿಯ ಈ ಬೀದಿ ಸಂಜೆಯಾದೊಡನೆ ಜನರಿಂದ ತುಂಬುತ್ತದೆ. ಸಸ್ಯಾಹಾರಕ್ಕೆ ಹೆಸರಾದ ಬೀದಿಯಾದ್ದರಿಂದ ನಮ್ಮ ಭಕ್ತರಿಗೆ ಸಂಕೋಚವಿಲ್ಲ. ದೋಸೆ, ಪಡ್ಡು, ಅಕ್ಕಿ ರೊಟ್ಟಿ, ಹೋಳಿಗೆ ಮೊದಲಾದವು ಕಣ್ಣೆದುರಿಗೇ ಸಿದ್ಧವಾಗುತ್ತವೆ. ಹಿಂದೆ ಇದೇ ಬೀದಿಯಲ್ಲಿ ನಡೆಯುತ್ತಿದ್ದ ಅವರೆಬೇಳೆ ಮೇಳವು ಇತ್ತೀಚಿನ ವರ್ಷಗಳಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ನಡೆದಿದೆ. ನಮ್ಮ ತೊಗರಿಯಂತೆಯೇ ಅವರೆಯೂ ಸಸಾರಜನಕ ಮತ್ತು ನಾರಿನಂಶವುಳ್ಳ ಉತ್ತಮ ಧಾನ್ಯ.

ಬಿಸಿಯೇ ಮೊದಲ ಪರೀಕ್ಷೆ

ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳು ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ವೇಗವಾಗಿ ವೃದ್ಧಿಯಾಗುತ್ತವೆ. ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಕಾಲ ಹಾಗೆಯೇ ಹೊರಗಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣದಿಂದಲೇ. ಕೆಲವು ಜೀವಿಗಳು ಬಿಡುವ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಹೀಗಾಗಿ ಹಂಚಿನಿಂದ ನೇರವಾಗಿ ಎಲೆಗೆ ಬರುವ ದೋಸೆಯಿಂದ ಅಪಾಯ ಕಡಿಮೆ. ಅದರ ಪಕ್ಕದಲ್ಲಿ ಬಡಿಸುವ ತೆಂಗಿನ ಚಟ್ನಿಯ ವಿಷಯ ಬೇರೆ. ಅದು ಬೇಯಿಸದ ಪದಾರ್ಥ. ಅದರಲ್ಲಿ ನೀರಿದೆ, ತಾಸುಗಟ್ಟಲೆ ತೆರೆದ ಪಾತ್ರೆಯಲ್ಲಿರುತ್ತದೆ. ಪಾನಿಪುರಿಯ ನೀರು, ಹೆಚ್ಚಿಟ್ಟ ಹಣ್ಣು, ಮಂಜುಗಡ್ಡೆ ಹಾಕಿದ ಪಾನೀಯಗಳಿಗೂ ಇದೇ ಮಾತು ಸಲ್ಲುತ್ತದೆ. ರುಚಿ, ವಾಸನೆ ಚೆನ್ನಾಗಿದ್ದ ಮಾತ್ರಕ್ಕೆ ಆಹಾರ ಸುರಕ್ಷಿತವೆಂದು ತಿಳಿಯಬಾರದು.

ಬಣ್ಣ ಮತ್ತು ಎಣ್ಣೆ

2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಆಗ ಪರೀಕ್ಷಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ನಿಷೇಧಿತ ಬಣ್ಣಗಳಲ್ಲೊಂದಾದ ರೋಡಮೈನ್-ಬಿ ಬಟ್ಟೆ, ಕಾಗದಗಳಿಗೆ ಹಾಕುವ ರಾಸಾಯನಿಕ, ಆಹಾರದಲ್ಲಿ ಬಳಸತಕ್ಕದ್ದಲ್ಲ. ಕಣ್ಣು ಕುಕ್ಕುವ ಕೆಂಪು ಬಣ್ಣದ ತಿನಿಸನ್ನು ಮಕ್ಕಳ ಕೈಗೆ ಕೊಡದಿರುವುದೇ ಲೇಸು.

ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಹಾನಿಕರ ಸಂಯುಕ್ತಗಳು ಹೆಚ್ಚುತ್ತವೆ. ಕಪ್ಪಾದ, ಅಂಟಂಟಾದ, ಮೇಲೆ ನೊರೆ ನಿಂತ ಎಣ್ಣೆ ಕಂಡರೆ ಆ ಅಂಗಡಿಯ ಕರಿದ ತಿಂಡಿಯನ್ನು ಬಿಡಬೇಕು. ಕರಿದದ್ದನ್ನು ಸುದ್ದಿಪತ್ರಿಕೆಯ ಹಾಳೆಯಲ್ಲಿ ಕಟ್ಟಿಸಿಕೊಳ್ಳುವುದೂ ಸಲ್ಲದು. ಮುದ್ರಣದ ಶಾಯಿ ಬಿಸಿ ಎಣ್ಣೆಯೊಡನೆ ತಿಂಡಿಗೆ ಇಳಿಯುತ್ತದೆ.

ಮಧುಮೇಹ, ರಕ್ತದೊತ್ತಡ ಉಳ್ಳವರು

ರಾತ್ರಿಯ ಪ್ರಯಾಣ, ನಿದ್ರಾಭಂಗ, ಆಸ್ಪತ್ರೆಯ ಸರದಿ ಇವುಗಳಿಂದ ಊಟದ ಹೊತ್ತು ತಪ್ಪುತ್ತದೆ. ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು "ಸಂಜೆ ಅಲ್ಲೇ ತಿಂದರಾಯಿತು" ಎಂದು ಉಪವಾಸವಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಹಸಿದು ಹೋದವರು ಅಳತೆ ಮೀರಿ ತಿನ್ನುವುದೂ ಸಹಜ. ಆದ್ದರಿಂದ ಹೊತ್ತಿಗೆ ಸರಿಯಾಗಿ ಊಟ ಮಾಡಿಯೇ ಹೊರಡಬೇಕು. ಮನೆಯಿಂದ ಒಯ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇಲ್ಲಿ ನೆರವಿಗೆ ಬರುತ್ತವೆ. ಹೋಳಿಗೆಯಲ್ಲಿ ಮೈದಾ, ಬೆಲ್ಲ, ತುಪ್ಪ ಮೂರೂ ಸೇರಿರುವುದರಿಂದ ಒಂದನ್ನು ನಾಲ್ವರು ಹಂಚಿಕೊಂಡರೆ ರುಚಿಯೂ ಸಿಗುತ್ತದೆ, ಮಿತಿಯೂ ಉಳಿಯುತ್ತದೆ. ರಕ್ತದೊತ್ತಡದವರು ಉಪ್ಪು ಹೆಚ್ಚಿರುವ ಕುರುಕಲು ತಿಂಡಿ, ಉಪ್ಪಿನಕಾಯಿಗಳಿಂದ ದೂರವಿರಬೇಕು.

ಅಂಗಡಿಯ ಆಯ್ಕೆ

ಮೊದಲು ಏನನ್ನೂ ಕೊಳ್ಳದೆ ಬೀದಿಯನ್ನು ಒಮ್ಮೆ ಪೂರ್ತಿ ಸುತ್ತಬೇಕು. ತಟ್ಟೆ ತೊಳೆಯುವ ನೀರು ಹೇಗಿದೆ, ಹಣ ಮುಟ್ಟಿದ ಕೈಯಲ್ಲೇ ಬಡಿಸುತ್ತಾರೆಯೇ, ಪದಾರ್ಥಗಳಿಗೆ ಮುಚ್ಚಳವಿದೆಯೇ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ನೋಂದಣಿ ಸಂಖ್ಯೆಯನ್ನು ಹಾಕಿದ್ದಾರೆಯೇ ಎಂಬುದನ್ನು ಗಮನಿಸಬೇಕು. ಗಿರಾಕಿಗಳು ಹೆಚ್ಚಿರುವಲ್ಲಿ ಪದಾರ್ಥ ಬೇಗ ಖರ್ಚಾಗುವುದರಿಂದ ಹಳಸಿದ್ದು ಉಳಿಯುವ ಸಂಭವ ಕಡಿಮೆ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯುವುದು ಉತ್ತಮ.

ಹೊಟ್ಟೆ ಕೆಟ್ಟರೆ

ಭೇದಿಯಾದಾಗ ಮೊದಲ ಅಪಾಯ ದೇಹದ ನೀರು ಮತ್ತು ಲವಣ ಕಳೆದುಹೋಗುವುದು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ ಕುಡಿಯಬೇಕು. ಅದು ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬಹುದು. ಮಲದಲ್ಲಿ ರಕ್ತ, ತೀವ್ರ ಜ್ವರ, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಮಂಪರು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮಕ್ಕಳು, ವೃದ್ಧರು, ಮಧುಮೇಹಿಗಳ ವಿಷಯದಲ್ಲಿ ಕಾಯುವುದೇ ಬೇಡ.

ಈ ನಿಯಮಗಳು ಬೆಂಗಳೂರಿಗೆ ಮಾತ್ರ ಸೀಮಿತವಲ್ಲ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ಮಿರ್ಚಿ ಅಂಗಡಿಗೂ ನಮ್ಮೂರ ಸಂತೆಯ ಬಂಡಿಗೂ ಇವೇ ಅನ್ವಯಿಸುತ್ತವೆ. ಬಿಸಿಯಾದದ್ದನ್ನು, ಶುಚಿಯಾದದ್ದನ್ನು, ತಟ್ಟೆಯಲ್ಲಿ ಉಳಿಯದಷ್ಟು ಮಾತ್ರ ಕೇಳಿ ಪಡೆದರೆ ದೇಹಕ್ಕೂ ಹಿತ, ಅನ್ನಕ್ಕೂ ಗೌರವ.